ಬಲಗಾಲಿಲ್ಲದ ದೈತ್ಯ

ಅವನ್ನು ಯಾರಾದರೂ ಗೊಂಬೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವು ಆಕ್ಷನ್ ಫಿಗರ್‌ಗಳು. ಮೊಣಕೈ ಮಡಚುತ್ತದೆ, ಮಣಿಕಟ್ಟು ತಿರುಗುತ್ತದೆ, ಪಾದವನ್ನು ಓರೆ ಮಾಡಿ ಊರಿಸಿದರೂ ಬೀಳದೆ ನಿಲ್ಲುತ್ತದೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಮದುವೆಯಾಗಿ, ಹುಬ್ಬಳ್ಳಿಯಿಂದ ಗುಜರಾತಿನ ಹಜೀರಾದ ಕಂಪನಿ ಕಾಲೋನಿಗೆ ಬಂದು ಕೆಲಸವಿಲ್ಲದೆ ಕೂತಿದ್ದೆ. ಗೇಣುದ್ದದ ದೇಹದಲ್ಲಿ ಅಷ್ಟೊಂದು ಕೀಲು ಕೂರಿಸಿದವನಿಗೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು. ಗಂಡನಿಗೆ ಇದು ತಿಳಿಯುತ್ತಿರಲಿಲ್ಲ.

"ಇಷ್ಟ್ ರೊಕ್ಕಾ ಕೊಟ್ಟು ಗೊಂಬಿ ತರ್ತಾರೇನ?" ಎನ್ನುತ್ತಿದ್ದರು.

"ಗೊಂಬಿ ಅಲ್ರೀ ಅದು."

"ಮತ್ತೇನು, ಅದಕ್ಕ ಪಗಾರ ಬರ್ತೈತೇನು?"

ಎರಡು ಸಾವಿರನೇ ಇಸವಿಯ ಈಚಿನ ಮೊದಲ ವರ್ಷಗಳಲ್ಲಿ ಆರು ಯೋಧರ ಒಂದು ಸರಣಿ ಬಂತು. ಪ್ರತಿ ಡಬ್ಬಿಯಲ್ಲಿ ಒಬ್ಬ ಯೋಧ, ಅವನ ಜೊತೆಗೆ ಒಬ್ಬ ದೈತ್ಯನ ಒಂದೊಂದು ಅಂಗ. ಆರೂ ಕೊಂಡರೆ ಮಾತ್ರ ದೈತ್ಯ ಪೂರ್ತಿಯಾಗುತ್ತಾನೆ. ಕೊಳ್ಳುವವರನ್ನು ಕಟ್ಟಿಹಾಕುವ ಹುನ್ನಾರ ಎಂದು ಗೊತ್ತಿದ್ದೂ ಬಿದ್ದೆ. ಭಾನುವಾರ ಕಾಲೋನಿ ಬಸ್ಸು ಸೂರತ್ ಪೇಟೆಯಲ್ಲಿ ಇಳಿಸಿದ ಕೂಡಲೇ ಆಟಿಕೆ ಅಂಗಡಿಗೆ ಓಡುತ್ತಿದ್ದೆ.

"ಬಾಬೊ ಕೇವಡೋ ಥಯೋ?" ಎಂದು ಅಂಗಡಿಯ ಮುದುಕರು ಮೊದಲ ದಿನವೇ ಕೇಳಿದರು. ಮಗ ಎಷ್ಟು ದೊಡ್ಡವನಾದ ಎಂದು. ನಮಗೆ ಮಕ್ಕಳಿರಲಿಲ್ಲ. ನನಗೇ ಬೇಕು ಎಂದರೆ ನಕ್ಕಾರೆಂದು ಹೆದರಿ "ಆರು ವರ್ಷ" ಎಂದುಬಿಟ್ಟೆ. ಮದುವೆಯಾಗಿಯೇ ಐದು ವರ್ಷವಾಗಿತ್ತು. ಸುಳ್ಳು ಹೇಳುವಾಗ ಅಷ್ಟೆಲ್ಲ ಲೆಕ್ಕ ಯಾರಿಗೆ ಹೊಳೆಯುತ್ತದೆ?

ಹೋದಾಗಲೆಲ್ಲ ಬೆಲೆಯ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿರುತ್ತಿತ್ತು. ಡಾಲರ್ ಎಂದರು, ಸುಂಕ ಎಂದರು, ಮುಂಬೈಯಿಂದ ಮಾಲೇ ಬರುತ್ತಿಲ್ಲ ಎಂದರು. ಮೊದಲನೆಯದನ್ನು ಮುನ್ನೂರೈವತ್ತಕ್ಕೆ ತಂದಿದ್ದೆ; ಐದನೆಯದರ ಹೊತ್ತಿಗೆ ಆರುನೂರಾಗಿತ್ತು. ನನಗೆ ಮಾತ್ರ ಮುದುಕರು ಮೇಲಿನ ಚೀಟಿ ಕಿತ್ತು, ಕೆಳಗಿನದನ್ನು ಓದಿ ದುಡ್ಡು ತೆಗೆದುಕೊಳ್ಳುತ್ತಿದ್ದರು. ಇಲ್ಲದ ಆ ಮಗನ ಪುಣ್ಯ.

ಉಳಿದದ್ದು ಬಲಗಾಲು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿದ್ದ ಚಿಕ್ಕಮ್ಮನ ಮಗಳಿಗೆ ಫೋನು ಮಾಡಿ ಅಂಗಡಿ ಅಂಗಡಿ ಅಲೆಸಿದೆ. ಆಫೀಸಿನ ಕೆಲಸಕ್ಕೆ ವಡೋದರಕ್ಕೆ ಹೋದ ಗಂಡನನ್ನೂ ಬಿಡಲಿಲ್ಲ. ಎಲ್ಲೂ ಇರಲಿಲ್ಲ. ಇದ್ದ ಒಂದೇ ಒಂದು ನಮ್ಮ ಮುದುಕರ ಹತ್ತಿರ, ಎಂಟುನೂರೈವತ್ತಕ್ಕೆ; ಕೊನೆಯ ಮಾಲೆಂದು ಈ ಸಲ ಅವರು ಚೀಟಿ ಕೀಳಲಿಲ್ಲ. ಮನೆ ಖರ್ಚಿನಲ್ಲಿ ಅಷ್ಟು ಕದಿಯಲು ಬರುವಂತಿರಲಿಲ್ಲ. ದೈತ್ಯ ಒಂಟಿಗಾಲಿನಲ್ಲಿ ಟಿವಿಗೆ ಒರಗಿ ಮೂರು ತಿಂಗಳು ನಿಂತಿದ್ದ. ಅವನನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಇದು ಹುಚ್ಚೆಂದು ಗೊತ್ತಿತ್ತು, ಗೊತ್ತಿದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಕೊನೆಗೆ, ಮಗನ ಹುಟ್ಟುಹಬ್ಬ, ಹಳೇ ಬೆಲೆಗೆ ಕೊಡಿ ಎಂದು ಅಂಗಲಾಚಿದೆ.

"ಹಾಗಾದರೆ ಅವನನ್ನೇ ಕರೆತನ್ನಿ ಬೆಹೆನ್," ಎಂದರು ಮುದುಕರು ಹಿಂದಿಯಲ್ಲಿ. "ನನ್ನ ಕೈಯಾರೆ ಕೊಡುತ್ತೇನೆ. ದುಡ್ಡೇ ಬೇಡ."

ಒಂದು ವಾರ ನಿದ್ದೆಯಿಲ್ಲ. ಪಕ್ಕದ ಮನೆಯ ಮಗುವನ್ನು ಎರಡು ಗಂಟೆಗೆ ಎರವಲು ಕೇಳೋಣ ಎಂದೂ ಯೋಚಿಸಿದೆ. ಆ ಮಗು ಸಂಜೆಯೊಳಗೆ ಇಡೀ ಕಾಲೋನಿಗೆ ಡಂಗುರ ಸಾರುತ್ತಿತ್ತು. ಸಾಕಾಗಿ, ಮುಂದಿನ ಭಾನುವಾರ ಒಬ್ಬಳೇ ಹೋದೆ. ನಿಜ ಹೇಳಿ, ಬೈಸಿಕೊಂಡು, ಕಂತಿನಲ್ಲಿ ಕೊಡಿ ಎಂದು ಕೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

"ನನಗೆ ಮಕ್ಕಳಿಲ್ಲ. ಇಷ್ಟು ದಿನ ಸುಳ್ಳು ಹೇಳಿದೆ," ಎಂದೆ.

ಮುದುಕರು ಬೈಯಲಿಲ್ಲ. ಒಳಗೆ ಹೋಗಿ ಹೆಂಡತಿಯನ್ನು ಕರೆತಂದು ಗುಜರಾತಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಆಕೆಯ ಕಣ್ಣು ತುಂಬಿತು. ಹುಟ್ಟದ ಮಗುವಿಗಾಗಿ ಆಟಿಕೆ ಕೂಡಿಡುತ್ತಿರುವ ಹೆಂಗಸು ನಾನು ಎಂದು ಇಬ್ಬರೂ ಅಂದುಕೊಂಡಿದ್ದರು.

ಆಕೆ ಡಬ್ಬಿಯನ್ನು ನನ್ನ ಎರಡೂ ಕೈಯಲ್ಲಿಟ್ಟು, "ದುಡ್ಡು ಬೇಡ ಬೇಟಿ. ದೇವಿ ಮಾತಾಜಿ ನಿನ್ನ ಮಡಿಲು ತುಂಬುತ್ತಾಳೆ," ಎಂದರು.

ಒಂದು ಮಾತು ಬಾಕಿ ಇತ್ತು: ಇದು ನನಗೇ, ನನ್ನ ಖುಷಿಗೆ. ಅದನ್ನು ಹೇಳಿದ್ದರೆ ಡಬ್ಬಿ ಮತ್ತೆ ಕಪಾಟು ಸೇರುತ್ತಿತ್ತು. ಡಬ್ಬಿಯ ಪಾರದರ್ಶಕ ಕಿಟಕಿಯಲ್ಲಿ ಬಲಗಾಲು ಕಾಣುತ್ತಿತ್ತು. ನಾನು ಹೇಳಲಿಲ್ಲ. ನಾಚಿಕೆಗೆ ಅಳು ಬಂತು, ಆಕೆ ನನ್ನ ಬೆನ್ನು ಸವರಿದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕಾಲು ಕೂರಿಸಿದೆ. ದೈತ್ಯ ನಿಂತ. ಗಂಡ ಕೂಡ ಬಗ್ಗಿ ನೋಡಿ, "ಅಂತೂ ನಿಂತ ನೋಡು ಮಗಾ," ಎಂದರು. ಎಷ್ಟಾಯಿತು ಎಂದು ಕೇಳಿದರು. ಹಳೇ ರೇಟಿಗೇ ಕೊಟ್ಟರು ಎಂದೆ. ಇನ್ನು ಜನ್ಮದಲ್ಲಿ ಆ ಅಂಗಡಿಗೆ ಕಾಲಿಡುವುದಿಲ್ಲ ಎಂದು ಆ ಹೊತ್ತು ಆಣೆ ಇಟ್ಟುಕೊಂಡೆ.

ದೀಪಾವಳಿಗೆ ಎರಡನೆಯ ಸರಣಿ ಬಂತು. ಒಂದೊಂದಕ್ಕೂ ಸಾವಿರ. ಎರಡು ಭಾನುವಾರ ತಡೆದುಕೊಂಡೆ. ಮೂರನೆಯದಕ್ಕೆ ಹೋದೆ. ಗಲ್ಲಾದಲ್ಲಿ ಆಕೆಯೇ ಕೂತಿದ್ದರು. ಮೊದಲು ನನ್ನ ಹೊಟ್ಟೆ ನೋಡಿದರು, ಆಮೇಲೆ ಮುಖ ನೋಡಿದರು. ಆಕೆ ಏನೂ ಕೇಳುವ ಮುಂಚೆಯೇ ನಾನು, ಇನ್ನೂ ಇಲ್ಲ ಎಂಬಂತೆ, ತಲೆ ತಗ್ಗಿಸಿ ನಿಂತೆ.