ಲ್ಯಾಟಿನ್‌ನಲ್ಲಿ ಅಪ್ಪನ ವಯಸ್ಸು

ಅಪ್ಪ ಮೈಸೂರಿನಿಂದ ಮದ್ರಾಸಿಗೆ ಬಂದದ್ದು ಕಾಲೇಜೊಂದರಲ್ಲಿ ಲ್ಯಾಟಿನ್ ಕಲಿಸಲು. ಕಲಿಯುವವರು ಕಡಿಮೆಯಾದಾಗ ಅವರನ್ನು ಇಂಗ್ಲಿಷ್ ಪಾಠಕ್ಕೆ ಹಾಕಿದರು. ಆಮೇಲೆ ಲ್ಯಾಟಿನ್‌ಗೆ ಉಳಿದ ಒಬ್ಬಳೇ ವಿದ್ಯಾರ್ಥಿನಿ ನಾನು. ಅಡ್ಯಾರಿನ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಹೇಳಿಕೊಡುತ್ತಿದ್ದರು. ಐತಾಸ್ ಎಂದರೆ ವಯಸ್ಸು, ಐವುಮ್ ಎಂದರೆ ಆಯುಷ್ಯ. ವಯಸ್ಸೆಷ್ಟು ಎಂದು ಕೇಳಬೇಕಾದರೆ ಹುಟ್ಟಿ ಎಷ್ಟು ವರ್ಷವಾಯಿತು ಎಂದು ಕೇಳಬೇಕು: ಕ್ವೋತ್ ಅನ್ನೋಸ್ ನಾತುಸ್ ಎಸ್?

"ಯಾರೂ ಆಡದ ಭಾಷೆ ಅವಳಿಗ್ಯಾಕ್ರೀ? ಒಂದು ಪಾಟ್ಟಾದ್ರೂ ಹೇಳ್ಕೊಡಬಾರ್ದಾ?" ಎಂದು ಅಡುಗೆಮನೆಯಿಂದ ಅಮ್ಮ ಕೂಗುತ್ತಿದ್ದಳು. ಮದ್ರಾಸಿನಲ್ಲೇ ಬೆಳೆದ ಅವಳಿಗೆ ಹಾಡೆಂದರೆ ಪಾಟ್ಟು.

ಅಮ್ಮ ತೀರಿಹೋಗಿ ಬಹಳ ವರ್ಷಗಳಾದ ಮೇಲೆ ಅಪ್ಪನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ತಮಿಳಿನಲ್ಲಿ ವಯಸ್ಸು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ತುಟಿ ಅಲುಗಿತು, ಅಷ್ಟೆ. ನನಗೇನು ತೋಚಿತೋ, ಜಗಲಿಯಲ್ಲಿ ಕಲಿತಿದ್ದ ಆ ಪ್ರಶ್ನೆಯನ್ನು ತಡವರಿಸುತ್ತಲೇ ಕೇಳಿಬಿಟ್ಟೆ.

"ಒಕ್ತೋಗಿಂತಾ... ಅನ್ನೋಸ್... ನಾತುಸ್ ಸುಮ್." ಹುಟ್ಟಿ ಎಂಬತ್ತು ವರ್ಷವಾಗಿದೆ.

ಅಪ್ಪ ಏನೋ ಬಡಬಡಿಸುತ್ತಿದ್ದಾರೆಂದು ಥೆರಪಿಸ್ಟ್ ಗಾಬರಿಯಾದರು. ಸರಿಯಾಗಿಯೇ ಹೇಳಿದರು ಎಂದು ಅವರಿಗೆ ವಿವರಿಸುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು.

ಮನೆಗೆ ಕರೆತಂದ ಮೇಲೆ ಕನ್ನಡ ಒಂದೊಂದೇ ಪದವಾಗಿ ಮರಳಿತು. ಒಂದು ಮಧ್ಯಾಹ್ನ ಅವರಾಗಿಯೇ ಪಾಠ ಶುರುಮಾಡಿದರು.

"ಸೈಕುಲುಮ್ ನಿಂಗೆ ಹೇಳ್ಕೊಟ್ಟಿದ್ನಾ?"

"ನೂರು ವರ್ಷ ಅಂತ ಹೇಳಿದ್ರಿ."

"ಅದು ಆಮೇಲಿನ ಅರ್ಥಮ್ಮಾ. ಹಿಂದೆ, ಒಂದು ಊರು ಕಟ್ಟಿದ ದಿನ ಇದ್ದೋರಲ್ಲಿ ಕೊನೇಯವ್ರು ಸಾಯೋತನಕ ಒಂದು ಸೈಕುಲುಮ್." ನನ್ನ ಕಡೆ ತಿರುಗಿ ಕೇಳಿದರು: "ನಮ್ಮ ಮದುವೇಲಿ ಊಟ ಮಾಡಿದೋರು ಈಗ ಯಾರಿದಾರೆ?"

ಬೆರಳು ಮಡಿಸುತ್ತಾ ನೆಂಟರನ್ನೆಲ್ಲ ನೆನೆದೆ. ಕೊನೆಗೆ ಉಳಿದಿದ್ದ ಸೋದರಮಾವನೂ ಹೋದ ವರ್ಷ ತೀರಿಕೊಂಡಿದ್ದರು. "ನೀವೊಬ್ರೇ ಅಪ್ಪ," ಎಂದೆ.

ಅವರು ಬೇಸರಪಡಲಿಲ್ಲ. "ಹಾಗಾದ್ರೆ ಕೇಳಿಸ್ಕೋ," ಎಂದರು.

ಮದುವೆ ನಡೆದದ್ದು ಮದ್ರಾಸಿನಲ್ಲೇ, ವಡಪಳನಿಯ ಛತ್ರದಲ್ಲಿ. ಅಡುಗೆಯವರು ತಮಿಳರು, ಅನ್ನದ ಮೇಲೆ ಮೊದಲು ಸಾಂಬಾರು ಬಡಿಸಿದರು. ಮೊದಲು ಸಾರು ಬರಬೇಕೆಂದು ಮೈಸೂರಿನ ಬೀಗರು ಕೈಕಟ್ಟಿ ಕೂತರು. ಮದುಮಗಳೇ ಎದ್ದು ಬಂದು, ಸೆರಗು ಸಿಕ್ಕಿಸಿಕೊಂಡು, ಸಾರಿನ ಪಾತ್ರೆ ಹಿಡಿದು ಪಂಕ್ತಿಯುದ್ದಕ್ಕೂ ಬಡಿಸಿದಳಂತೆ.

ಅಮ್ಮ ಇದನ್ನು ನನಗೆಂದೂ ಹೇಳಿರಲಿಲ್ಲ. ಅಪ್ಪನ ಮಾತು ತೊದಲಿದಾಗಲೆಲ್ಲ ನಾನು ಕಾದೆ. ಅವಳ ಸೀರೆಯ ಬಣ್ಣ ಯಾವುದೆಂದು ಕೇಳಿದೆ. "ಅರಿಶಿನ," ಎಂದರು, "ಅಂಚಿಗೆಲ್ಲಾ ಸಾರು ಚೆಲ್ಲಿತ್ತು."