ಹೊದ್ದ ಕಂಬಳಿಗೆ ಸುಂಕವಿಲ್ಲ

ಮೊನ್ನೆ ಹೊಳಲ್ಕೆರೆ ಬಸ್ಸಿನಲ್ಲಿ ಪಕ್ಕದವರ ಕಂಬಳಿ ಮಳೆಗೆ ನೆನೆದಿತ್ತು. ಒದ್ದೆ ಉಣ್ಣೆಯ ವಾಸನೆ ನಿಮಗೂ ಗೊತ್ತಿದ್ದೀತು. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಎಪ್ಪತ್ತರ ದಶಕದ ನನ್ನ ಸುಂಕದ ಕಟ್ಟೆಗೆ ಹೋಗಿಬಿಟ್ಟೆ.

ಆಗ ಊರೊಳಗೆ ಮಾರಲು ತರುವ ಸರಕಿಗೆಲ್ಲ ಸುಂಕವಿತ್ತು. ಬೀದಿದೀಪ, ನಲ್ಲಿ, ಚರಂಡಿ ಎಲ್ಲಕ್ಕೂ ಅದೇ ದುಡ್ಡು. ಹೊಳಲ್ಕೆರೆ ರಸ್ತೆಯ ಕಟ್ಟೆಯಲ್ಲಿ ರಸೀದಿ ಬರೆಯುವವನು ನಾನು. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಠೀವಿ ಬೇರೆ. ಮಾರುವ ಕಂಬಳಿಗೆ ಸುಂಕ, ಹೊದ್ದ ಕಂಬಳಿಗೆ ಇಲ್ಲ. ಹಾಗಾಗಿ ಬಿ.ದುರ್ಗದ ಕಡೆಯ ಕಂಬಳಿ ಮಾರುವವರು ಸುಡುಬೇಸಿಗೆಯಲ್ಲೂ ಕಂಬಳಿಯ ಮೇಲೆ ಕಂಬಳಿ ಹೊದ್ದು, ಬೆವರಿನಲ್ಲಿ ತೊಯ್ದು ಬಸ್ಸಿಳಿಯುತ್ತಿದ್ದರು.

"ಏನಪ್ಪ, ಅಷ್ಟು ಚಳೀನಾ?"

"ಜ್ವರ ಸ್ವಾಮಿ, ನಡುಕ ಹತ್ತೈತೆ!"

ನಗುತ್ತ ಬಿಡುತ್ತಿದ್ದೆ. ಮಂಡಿ ಸಾಹುಕಾರರ ಲಾರಿಗಳನ್ನೂ ಬಿಡುತ್ತಿದ್ದೆ, ಒಂದು ಮಸಾಲೆ ದೋಸೆಗೆ. ಬಡವರನ್ನು ಬಿಟ್ಟ ಪುಣ್ಯದಲ್ಲಿ ಅದೂ ಮುಚ್ಚಿಹೋಗುತ್ತದೆಂದು ನನ್ನ ಲೆಕ್ಕಾಚಾರ.

ಕಟ್ಟೆಯ ಹಿಂದಿನ ಓಣಿಯ ಕರಿಯಮ್ಮ ಒಬ್ಬಳು ಮಾತ್ರ ತವರಿನಿಂದ ಮಾರಲು ತಂದ ಕಂಬಳಿ ಗಂಟನ್ನು ತಲೆಯಿಂದ ಇಳಿಸಿ ನನ್ನೆದುರು ಬಿಚ್ಚುತ್ತಿದ್ದಳು.

"ರಸೀದಿ ಬರಿಯಪ್ಪ."

"ಹೋಗವ್ವ, ನಿನ್ನ ಸುಂಕದಾಗೆ ಊರು ಉದ್ಧಾರ ಆಗ್ತೈತಾ?"

"ನಮ್ಮ ಓಣಿಗೆ ನಲ್ಲಿ ಕೇಳ್ಬೇಕಲ್ಲಪ್ಪ. ಬಿಟ್ಟಿ ಕೇಳಾಕೆ ನಾನೇನು ಭಿಕ್ಷಕ್ಕೆ ಹೊಂಟೀನಾ?"

ಆಕೆಗೊಬ್ಬಳಿಗೆ ರಸೀದಿ ಬರೆದುಕೊಡುತ್ತಿದ್ದೆ. ಕೊನೆಗೊಮ್ಮೆ ಓಣಿಯವರೆಲ್ಲ ಸೇರಿ ನಲ್ಲಿ ಕೇಳಲು ಪುರಸಭೆ ಆಫೀಸಿಗೆ ಹೋದರು. ಮುಂದೆ ಕರಿಯಮ್ಮ. ಸಾಹೇಬರು ನನ್ನನ್ನೂ ಕರೆಸಿದರು. "ಆ ಕಟ್ಟೆಯಿಂದ ವಸೂಲಿಯಾಗೋದೇ ನಾಲ್ಕಾಣೆ ಎಂಟಾಣೆ, ಪೈಪಿಗೆ ಎಲ್ಲಿಂದ ತರಲಿ? ಏನಯ್ಯ, ಆ ದಾರೀಲಿ ಸರಕೇ ಬರಲ್ವಾ?"

"ಬರಲ್ಲ ಸಾರ್" ಎಂದೆ.

ಕರಿಯಮ್ಮ ನನ್ನನ್ನೇ ನೋಡಿದಳು. ಓಣಿಯವರನ್ನು ಕರೆದುಕೊಂಡು ಹೊರಟುಬಿಟ್ಟಳು. ನಲ್ಲಿ ಇನ್ನೊಂದು ಬೀದಿಗೆ ಹೋಯಿತು. ಆಮೇಲೂ ಆಕೆ ದೂರದ ಬಾವಿಯಿಂದ ಕೊಡ ಹೊತ್ತು ನನ್ನ ಕಟ್ಟೆಯ ಮುಂದೆಯೇ ಹಾದುಹೋಗುತ್ತಿದ್ದಳು. ನಾನು ಏನೋ ಬರೆಯುವವನಂತೆ ತಲೆ ಬಗ್ಗಿಸುತ್ತಿದ್ದೆ.

ಮೊನ್ನೆ ಬಸ್ಸಿಳಿದವನು ಮನೆಗೆ ಹೋಗದೆ ನೇರ ಆ ಓಣಿಗೆ ನಡೆದೆ. ಕರಿಯಮ್ಮ ಈಗಿಲ್ಲ. ಅವಳ ಮಗಳ ಮುಂದೆ ಎಲ್ಲ ಹೇಳಿಕೊಂಡೆ.

"ಕುಂತ್ಕಳ್ರಿ ಅಜ್ಜಾರೆ. ಅವ್ವಗೆ ಗೊತ್ತಿತ್ತು" ಎಂದಳು. "'ನಾನು ಬಾಯಿ ಬಿಟ್ಟಿದ್ರೆ ಆ ಹುಡುಗನ ಕೆಲಸ ಹೋಗೋದು, ಮುಖ ಸಣ್ಣದು ಮಾಡ್ಕಂಡಿದ್ದ, ಇನ್ನುಮ್ಯಾಲೆ ಎಲ್ರಿಗೂ ಸರಿಯಾಗಿ ಬರೀತಾನೆ ಬಿಡು' ಅಂತಿದ್ಲು."

ಹೌದೆಂದು ತಲೆಯಾಡಿಸಿ ಎದ್ದು ಬರಬಹುದಿತ್ತು. ಅಲ್ಲವೆನ್ನಲು ಈಗ ಯಾರೂ ಉಳಿದಿಲ್ಲ.

"ಇಲ್ಲಮ್ಮ, ಆಮೇಲೂ ಬರೀಲಿಲ್ಲ" ಎಂದೆ.