ಅಕ್ಕನ ಶ್ಲೋಕಕ್ಕೆ ಸಾಕ್ಷಿ ಯಾರು?

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎರಡನೆಯ ಮಹಡಿಯ ಅಡುಗೆಮನೆಯಲ್ಲಿ ತಂಗಿ ಕರಡುಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೂತಿದ್ದಾರೆ. ಇವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಎದುರಿಗಿದ್ದೇನೆ. ಒಲೆಯ ಮೇಲಿನ ನೀರು ಕುದ್ದು ಕುದ್ದು ಪಾತ್ರೆಯ ತಳ ಕಾಣುತ್ತಿದೆ. ಅವರಿಗೆ ಅದರ ಪರಿವೆಯೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಅಚ್ಚುಕೂಟದವನು ಬರುತ್ತಾನೆ. ಅಷ್ಟರೊಳಗೆ ಒಂದು ಶ್ಲೋಕ ಇರಬೇಕೋ ಹೋಗಬೇಕೋ ತೀರ್ಮಾನವಾಗಬೇಕು. ಅದು ಪಕ್ಕದ ಕೋಣೆಯಲ್ಲಿ ಮಲಗಿರುವ ಅಕ್ಕ ಹುಡುಕಿದ ಶ್ಲೋಕ.

ಓಣಿಯವರಿಗೆ ಈ ಇಬ್ಬರೂ 'ಚೂರಮ್ಮಂದಿರು'. ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದೂ ಧರ್ಮಶಾಸ್ತ್ರದ ಹಳೆಯ ಗ್ರಂಥವೊಂದು ಎಂದೋ ಕಳೆದುಹೋಗಿದೆ, ಮದ್ದಿಗೆಂದರೂ ಒಂದು ಪ್ರತಿ ಸಿಗದು. ಆದರೆ ಆಮೇಲಿನ ವ್ಯಾಖ್ಯಾನಕಾರರು ತಮ್ಮತಮ್ಮಲ್ಲೇ ಜಗಳವಾಡುವಾಗ ಅದರ ಮಾತುಗಳನ್ನು ಉದ್ಧರಿಸಿದ್ದಾರೆ. ಆ ಚೂರುಗಳನ್ನು ಹೆಕ್ಕಿ, ಗಡಿ ತಂಟೆ, ಸಾಕ್ಷಿ, ಆಸ್ತಿಪಾಲು ಎಂದು ವಿಂಗಡಿಸಿ ಗ್ರಂಥವನ್ನು ಮತ್ತೆ ಕಟ್ಟುವುದು ಇವರ ಕೆಲಸ. ಅಕ್ಕ ಗ್ರಂಥಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದವರು, ತಂಗಿ ಶಾಲೆಯಲ್ಲಿ ಸಂಸ್ಕೃತದ ಟೀಚರ್. ಇಬ್ಬರ ತಲೆಗೂದಲೂ ಇದರಲ್ಲೇ ಬೆಳ್ಳಗಾಗಿದೆ.

"ಸತ್ತವರ ಮಾತನ್ನ ಬೇರೆಯವರ ಬಾಯಿಂದ ಕೇಳೋ ಕೆಲಸ ನಮ್ದು," ಎನ್ನುತ್ತಾರೆ ತಂಗಿ. "ಅವರು ಮಾತು ಮುಗಿಸೋವರೆಗೂ ಕಾಯ್ಬೇಕು."

ಎಡವಟ್ಟಾಗಿರುವುದು ಅಲ್ಲೇ. ಹೆಣ್ಣುಮಕ್ಕಳಿಗೂ ಸಮಪಾಲು ಎನ್ನುವ ಶ್ಲೋಕವನ್ನು ಅಕ್ಕ ಹುಡುಕಿದ್ದು, ಅಪ್ಪ ಮನೆಯನ್ನು ಅಣ್ಣನ ಹೆಸರಿಗೆ ಬರೆದ ವರ್ಷ. ಸಿಕ್ಕಿದ್ದು ಒಂದೇ ವ್ಯಾಖ್ಯಾನದಲ್ಲಿ. ಅದರ ಮುಂದಿನ ಹಾಳೆ ಕಿತ್ತುಹೋಗಿತ್ತು. ಆ ಹಾಳೆಯ ಫೋಟೋ ಬೇರೊಂದು ಗ್ರಂಥಾಲಯದಿಂದ ನಿನ್ನೆ ಬಂದಿದೆ. ವ್ಯಾಖ್ಯಾನಕಾರ ಅಲ್ಲಿ ಖಡಾಖಂಡಿತವಾಗಿ ಹೇಳುತ್ತಾನೆ: ಈ ಶ್ಲೋಕ ಆ ಗ್ರಂಥದ್ದಲ್ಲ, ಯಾರೋ ಕಟ್ಟಿ ಸೇರಿಸಿದ್ದು.

"ಶ್ಲೋಕ ಹಾಗೇ ಇರ್ಲಿ ಬಿಡಿ, ಯಾರಿಗೆ ಗೊತ್ತಾಗುತ್ತೆ?" ಎಂದುಬಿಡುತ್ತೇನೆ. ಆ ಶ್ಲೋಕ ಉಳಿಯಲಿ ಎಂಬ ಆಸೆ ನನಗೂ ಇದೆ. ತಂಗಿ ನನ್ನನ್ನು ದುರುಗುಟ್ಟಿ ನೋಡುತ್ತಾರೆ.

ಗೋಡೆ ಹಿಡಿದು ಅಕ್ಕ ಬರುತ್ತಾರೆ. ಕಣ್ಣು ಮಂಜಾಗಿದೆ, ಮೂಗು ಮಾತ್ರ ಚುರುಕು.

"ಪಾತ್ರೆ ಸೀದಿದೆ. ಏನೋ ಮುಚ್ಚಿಡ್ತಿದೀಯ ನೀನು. ಓದು."

ತಂಗಿ ಫೋಟೋದಲ್ಲಿರುವ ಹಾಳೆಯನ್ನು ಓದುತ್ತಾರೆ. ಅಕ್ಕ ಇನ್ನೊಮ್ಮೆ ಓದಿಸುತ್ತಾರೆ. ಕೆಳಗೆ ಅಚ್ಚುಕೂಟದ ವ್ಯಾನಿನ ಹಾರ್ನ್ ಕೇಳಿಸುತ್ತದೆ, ಯಾರೂ ಏಳುವುದಿಲ್ಲ.

"ಅವನೇ ಸುಳ್ಳು ಹೇಳಿರಬಹುದಲ್ವೇನೇ?"

"ಇರಬಹುದು. ಆದ್ರೆ ಅವನನ್ನ ನಂಬಿ ತಾನೇ ಅಕ್ಕಾ, ಎಷ್ಟೋ ಶ್ಲೋಕ ಹಾಕಿರೋದು?"

ಅಕ್ಕ ಕುರ್ಚಿಯಲ್ಲಿ ಕುಸಿದು ಕೂರುತ್ತಾರೆ. ನನಗೆ ಅಲ್ಲಿಂದ ಎದ್ದು ಹೋಗಿಬಿಡಬೇಕು ಅನ್ನಿಸುತ್ತದೆ. ಮತ್ತೆ ಹಾರ್ನ್.

"ತೆಗಿ," ಎನ್ನುತ್ತಾರೆ ಅಕ್ಕ ಕೊನೆಗೆ.

ತಂಗಿ ಗೀಟು ಎಳೆಯುತ್ತಾರೆ. ಪೆನ್ಸಿಲಿನ ಸದ್ದಿಗೆ ಅಕ್ಕ ಕಿವಿಗೊಡುತ್ತಾರೆ, ಆಮೇಲೆ ತಂಗಿಯ ಕೈ ಹಿಡಿಯುತ್ತಾರೆ.

"ಪುಟದ ಕೆಳಗೆ ಸಣ್ಣಕ್ಷರದಲ್ಲಿ ಹಾಕು. ಇದು ಗ್ರಂಥದ್ದಲ್ಲ, ಯಾರೋ ಕಟ್ಟಿದ್ದು ಅಂತಾನೇ ಹಾಕು. ಆ ಕಾಲದಲ್ಲೂ ಒಬ್ರಿಗೆ ಹೀಗೆ ಬರೀಬೇಕು ಅನ್ಸಿತ್ತಲ್ಲ, ಅಷ್ಟು ಗೊತ್ತಾದ್ರೆ ನಂಗೆ ಸಾಕು."